ಮಗ ಸತ್ತ ಸಿಟ್ಟಿಗೆ ಸ್ಮಶಾನ ಮಾಡಿದನೇ?

ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿದರೆ ಆರ್ಲಿಂಗ್ಟನ್. ನಮ್ಮ ಮನೆ ಇರುವುದು ಅಲ್ಲಿ. ಬೇಸಿಗೆ ಬಂತೆಂದರೆ ಊರಿನಿಂದ ಯಾರಾದರೂ ಬಂದೇ ಬರುತ್ತಾರೆ, ಬಂದವರನ್ನು ನಾನು ರಾಷ್ಟ್ರೀಯ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಕೆನಡಿಯವರ ಸಮಾಧಿ ನೋಡಿ, ಏದುಸಿರು ಬಿಡುತ್ತಾ ಗುಡ್ಡ ಹತ್ತಿ, ಮೇಲಿನ ದಪ್ಪ ಕಂಬಗಳ ಮನೆಯ ಮುಂದೆ ನಿಂತ ಕೂಡಲೇ ಯಾರಾದರೊಬ್ಬರು ಕೇಳುತ್ತಾರೆ: "ಅಲ್ಲಮ್ಮಾ, ಇದು ದಕ್ಷಿಣದವರ ಸೇನಾಪತಿ ಲೀಯ ಮನೆಯಂತಲ್ಲ. ಮಗನನ್ನು ಕೊಂದರೆಂದು ಯಾವನೋ ಜನರಲ್ ಸೇಡಿಗಾಗಿ ಇದರ ಅಂಗಳದಲ್ಲೇ ಹೆಣ ಹೂಳಿಸಿದನಂತೆ, ನಿಜವೇ?" ಆ ಜನರಲ್‌ನ ಹೆಸರು ಮಾಂಟ್ಗೊಮೆರಿ ಮೆಗ್ಸ್. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ, ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ವಿರುದ್ಧ ಕಾದಿದ ಉತ್ತರದ ಸೇನೆಯವನು. ನಿಂತಲ್ಲೇ ಹೇಳಿ ಮುಗಿಸುವ ಕಥೆಯಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಕೇಳಿದ ಕಥೆ ನಿಜವಲ್ಲ, ಏಕೆಂದರೆ ತಾರೀಖುಗಳು ಕೂಡಿಬರುವುದಿಲ್ಲ. ಇಲ್ಲಿ ಮೊದಲ ಸೈನಿಕನನ್ನು ಹೂಳಿದ್ದು 1864ರ ಮೇ 13ರಂದು. ಮೆಗ್ಸ್‌ನ ಶಿಫಾರಸಿನ ಮೇಲೆ ಯುದ್ಧ ಕಾರ್ಯದರ್ಶಿ ಸ್ಟ್ಯಾಂಟನ್ ಈ ಜಾಗವನ್ನು ಸ್ಮಶಾನವೆಂದು ಗೊತ್ತುಪಡಿಸಿದ್ದು ಜೂನ್ 15ರಂದು. ಮೆಗ್ಸ್‌ನ ಮಗ ಜಾನ್ ಸತ್ತದ್ದು ಅಕ್ಟೋಬರ್ 3ರಂದು. ಅಷ್ಟೇ ಅಲ್ಲ, ಮಗನನ್ನು ಮೊದಲು ಹೂಳಿದ್ದು ನದಿಯ ಆಚೆಯ ಜಾರ್ಜ್‌ಟೌನ್‌ನ ಓಕ್ ಹಿಲ್ ಸ್ಮಶಾನದಲ್ಲಿ. ಆರ್ಲಿಂಗ್ಟನ್‌ಗೆ ತಂದದ್ದು ಆಮೇಲೆ.

ಹಾಗಾದರೆ ಸಿಟ್ಟೇ ಇರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಆದರೆ ಅದು ಮಗನ ಸಾವಿಗಿಂತ ಹಳೆಯ ಸಿಟ್ಟು.

1837ರಲ್ಲಿ ಸೇಂಟ್ ಲೂಯಿಸ್‌ನ ಬಳಿ ಮಿಸಿಸಿಪ್ಪಿ ನದಿಯ ಅಳತೆಗೆ ಸೇನೆ ಇಬ್ಬರು ಎಂಜಿನಿಯರುಗಳನ್ನು ಕಳುಹಿಸಿತ್ತು. ಮೇಲಧಿಕಾರಿ ರಾಬರ್ಟ್ ಲೀ. ಕೈಕೆಳಗಿನವನು ಹಿಂದಿನ ವರ್ಷವಷ್ಟೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಿಂದ ಹೊರಬಂದಿದ್ದ, ಇಪ್ಪತ್ತೊಂದು ವರ್ಷದ ಮೆಗ್ಸ್. ಇಪ್ಪತ್ತನಾಲ್ಕು ವರ್ಷಗಳ ನಂತರ ಲೀ ಸೇನೆಗೆ ರಾಜೀನಾಮೆ ಕೊಟ್ಟು ದಕ್ಷಿಣದ ಪಕ್ಷ ಸೇರಿದ. ಮೆಗ್ಸ್ ಹುಟ್ಟಿದ್ದೂ ದಕ್ಷಿಣದಲ್ಲೇ, ಜಾರ್ಜಿಯಾದ ಆಗಸ್ಟಾದಲ್ಲಿ. ಆದರೆ ಬೆಳೆದದ್ದು ಫಿಲಡೆಲ್ಫಿಯಾದಲ್ಲಿ. ದೇಶ ಓದಿಸಿ, ಉಣಿಸಿ, ಪ್ರಮಾಣವಚನ ಪಡೆದ ಮೇಲೆ ಅದರ ಮೇಲೆಯೇ ಕತ್ತಿ ಎತ್ತಿದವರನ್ನು ಅವನು ಎಂದೂ ಕ್ಷಮಿಸಲಿಲ್ಲ. ಅಂಥವರಿಗೆ ಮರಣದಂಡನೆಯೇ ಸರಿ ಎಂದು ಪತ್ರಗಳಲ್ಲಿ ಬರೆದ.

ಆದರೆ ಅವನನ್ನು ಬರೀ ಸಿಟ್ಟಿನ ಮನುಷ್ಯನೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ನಾನು ಅವನನ್ನು ಮೊದಲು ಗುರುತಿಸಿದ್ದು ನೀರಿನ ಮೂಲಕ. 1850ರ ಸುಮಾರಿಗೆ ವಾಷಿಂಗ್ಟನ್‌ಗೆ ಸರಿಯಾದ ನೀರಿನ ವ್ಯವಸ್ಥೆ ಇರಲಿಲ್ಲ. ಬಾವಿ, ಒರತೆಗಳೇ ಗತಿ. ಮೇಲ್ಗಡೆಯ ಗ್ರೇಟ್ ಫಾಲ್ಸ್‌ನಿಂದ ಸುಮಾರು ಹನ್ನೆರಡು ಮೈಲಿ ದೂರಕ್ಕೆ ಪೊಟೊಮ್ಯಾಕ್ ನೀರನ್ನು ಇಳಿಜಾರಿನ ಬಲದಿಂದಲೇ ಹರಿಸಿ ತರುವ ಯೋಜನೆಯನ್ನು ಮೆಗ್ಸ್ ರೂಪಿಸಿದ. ಕೆಲಸ ಶುರುವಾದದ್ದು 1853ರಲ್ಲಿ. ದಾರಿಯಲ್ಲಿ ಕ್ಯಾಬಿನ್ ಜಾನ್ ಹಳ್ಳ ಅಡ್ಡಬಂತು. ಅದಕ್ಕೆ 220 ಅಡಿ ಅಗಲದ, ಕಲ್ಲಿನ ಒಂದೇ ಕಮಾನು ಕಟ್ಟಿದ. ಮುಂದೆ ಸುಮಾರು ನಾಲ್ಕು ದಶಕ ಜಗತ್ತಿನಲ್ಲಿ ಅದಕ್ಕಿಂತ ಅಗಲವಾದ ಒಂಟಿ ಕಲ್ಲುಕಮಾನು ಇರಲಿಲ್ಲ. ಇಂದಿಗೂ ಅದರ ಮೇಲೆ ಕಾರುಗಳು ಹೋಗುತ್ತವೆ. ಒಂದು ಸಾಲಿಗಷ್ಟೇ ಜಾಗವಿರುವುದರಿಂದ ಎರಡು ಕಡೆಯವರೂ ಸರದಿಯಂತೆ ಕಾಯಬೇಕು. ಕಾರಿನ ಕೆಳಗೆ, ಕಲ್ಲಿನ ಒಳಗೆ, ನೀರು ಹರಿಯುತ್ತಿರುತ್ತದೆ. ರಾಕ್ ಕ್ರೀಕ್ ಹಳ್ಳದ ಮೇಲಂತೂ ಇನ್ನೂ ಜಾಣತನ: ನೀರು ಸಾಗಿಸುವ ಎರಡು ಕಬ್ಬಿಣದ ಕೊಳವೆಗಳನ್ನೇ ಕಮಾನಿನಂತೆ ಬಾಗಿಸಿ, ಅವುಗಳ ಮೇಲೆಯೇ ರಸ್ತೆಯನ್ನು ನಿಲ್ಲಿಸಿದ. ಸೇತುವೆಯೂ ಅದೇ, ಕೊಳಾಯಿಯೂ ಅದೇ. ಮುಂಜಾನೆ ನಾನು ಅತಿಥಿಗಳಿಗೆ ಮಾಡಿಕೊಡುವ ಕಾಫಿಯ ನೀರು ಬರುವುದೂ ಇದೇ ವ್ಯವಸ್ಥೆಯಿಂದ. ಇದನ್ನು ಹೇಳಿದಾಗ ಲೋಟವನ್ನೊಮ್ಮೆ ತಿರುಗಿಸಿ ನೋಡದವರಿಲ್ಲ.

ಅವನಿಗೆ ಒಂದು ಚಟವಿತ್ತು, ತಾನು ಮುಟ್ಟಿದ್ದರ ಮೇಲೆಲ್ಲ ಹೆಸರು ಹಾಕಿಸುವುದು. ಕೊಳವೆಗಳ ಮೇಲೆ ಮೆಗ್ಸ್, ಕಬ್ಬಿಣದ ಮೆಟ್ಟಿಲುಗಳ ಮೇಲೆ ಮೆಗ್ಸ್. ಸಂಸತ್ ಭವನದ ವಿಸ್ತರಣೆಯ ಮೇಲ್ವಿಚಾರಣೆಯೂ ಅವನದೇ ಆಗಿತ್ತು. ಅಲ್ಲಿ ವಾಸ್ತುಶಿಲ್ಪಿ ಥಾಮಸ್ ವಾಲ್ಟರ್‌ನ ಜೊತೆ ಕೀರ್ತಿ ಯಾರದೆಂದು ವರ್ಷಗಟ್ಟಲೆ ಜಗಳವಾಡಿದ. ಅಹಂಕಾರ ಬೇಕಾದಷ್ಟಿತ್ತು, ನಾನು ಮುಚ್ಚಿಡುವುದಿಲ್ಲ. ಆದರೆ ಕೈ ಶುದ್ಧವಾಗಿತ್ತು. ಯುದ್ಧ ಕಾರ್ಯದರ್ಶಿಯಾಗಿದ್ದ ಜಾನ್ ಫ್ಲಾಯ್ಡ್ ತನ್ನ ಕಡೆಯವರಿಗೆ ಕೆಲಸ, ಗುತ್ತಿಗೆ ಕೊಡಿಸಲು ಬಂದಾಗ ಮೆಗ್ಸ್ ಬಗ್ಗಲಿಲ್ಲ. ಮುಂದೇನಾಯಿತೆಂದು ನಮ್ಮ ಪತ್ರಿಕೆಗಳನ್ನು ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತಂಗಡಿ! 1860ರಲ್ಲಿ ಅವನನ್ನು ಫ್ಲಾರಿಡಾದ ತುದಿಯಾಚೆ, ಸಮುದ್ರದ ನಡುವಿನ ಡ್ರೈ ಟಾರ್ಟುಗಾಸ್ ದ್ವೀಪಗಳ ಕೋಟೆಗೆ ಕಳುಹಿಸಿದರು. 'ಡ್ರೈ' ಎಂದರೆ ಅಲ್ಲಿ ಸಿಹಿನೀರಿಲ್ಲ ಎಂದೇ ಅರ್ಥ. ರಾಜಧಾನಿಗೆ ನೀರು ತಂದವನಿಗೆ ನೀರಿಲ್ಲದ ಊರು.

ಫ್ಲಾಯ್ಡ್ ಕುರ್ಚಿ ಬಿಟ್ಟ ಮೇಲೆ, 1861ರ ಆರಂಭದಲ್ಲಿ, ಮೆಗ್ಸ್ ವಾಪಸ್ ಬಂದ. ಏಪ್ರಿಲ್‌ನಲ್ಲಿ ಲಿಂಕನ್‌ರ ಗುಟ್ಟಿನ ಆದೇಶದ ಮೇಲೆ ಫ್ಲಾರಿಡಾದ ಪಿಕೆನ್ಸ್ ಕೋಟೆಗೆ ಸೈನಿಕರನ್ನೂ ಸಾಮಗ್ರಿಯನ್ನೂ ಮುಟ್ಟಿಸಿ ಬಂದ. ಆ ಕೋಟೆ ಯುದ್ಧ ಮುಗಿಯುವವರೆಗೂ ದಕ್ಷಿಣದವರ ಕೈಗೆ ಸಿಗಲಿಲ್ಲ. ಮೇ ತಿಂಗಳಲ್ಲಿ ಅವನು ಕ್ವಾರ್ಟರ್‌ಮಾಸ್ಟರ್ ಜನರಲ್ ಆದ, ಅಂದರೆ ಇಡೀ ಸೇನೆಯ ಸರಬರಾಜಿನ ಮುಖ್ಯಸ್ಥ. ಬೂಟು, ಕಂಬಳಿ, ಡೇರೆ, ಕುದುರೆ, ಹೇಸರಗತ್ತೆ, ಬಂಡಿ, ಹಡಗು ಎಲ್ಲವೂ ಅವನ ಲೆಕ್ಕ. ಸುಮಾರು 150 ಕೋಟಿ ಡಾಲರ್ ಅವನ ಇಲಾಖೆಯ ಮೂಲಕ ಖರ್ಚಾಯಿತು. ಉತ್ತರದ ಜನರಲ್ ಶರ್ಮನ್‌ನ ಸೇನೆ 1864ರ ಡಿಸೆಂಬರ್‌ನಲ್ಲಿ ಜಾರ್ಜಿಯಾವನ್ನು ನಡೆದು ದಾಟಿ ಕಡಲು ಮುಟ್ಟಿದಾಗ, ಸವೆದ ಬೂಟುಗಳ ಸೈನಿಕರಿಗಾಗಿ ತುಂಬಿದ ಹಡಗುಗಳು ಕಾದಿದ್ದವು. ಯುದ್ಧವೆಂದರೆ ಕುದುರೆಯೇರಿದ ವೀರರ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಆ ಕುದುರೆಗೆ ಹುಲ್ಲು ಕಳುಹಿಸಿದವನು ಯಾವ ಚಿತ್ರದಲ್ಲೂ ಇರುವುದಿಲ್ಲ.

ಸತ್ತವರನ್ನು ಹೂಳುವುದೂ ಅದೇ ಇಲಾಖೆಯ ಕೆಲಸವಾಗಿತ್ತು. ಸೇಡಿನ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. 1864ರ ಮೇ ತಿಂಗಳಲ್ಲಿ ವರ್ಜೀನಿಯಾದ ಕಾಳಗಗಳಿಂದ ಗಾಯಾಳುಗಳು ಹಡಗುಗಟ್ಟಲೆ ವಾಷಿಂಗ್ಟನ್‌ಗೆ ಬಂದರು, ಆಸ್ಪತ್ರೆಗಳಲ್ಲಿ ಸತ್ತರು. ನಗರದಲ್ಲಿದ್ದ ಸೈನಿಕರ ಸ್ಮಶಾನ ತುಂಬಿಹೋಯಿತು. ಲೀಯ ಹೆಂಡತಿಗೆ ತವರಿನಿಂದ ಬಂದಿದ್ದ ಈ 1,100 ಎಕರೆ ಜಮೀನು ಅಷ್ಟರಲ್ಲಿ ಸರ್ಕಾರದ ಕೈಗೆ ಬಂದಿತ್ತು. ಬಂದ ರೀತಿ ಮಾತ್ರ ಅಷ್ಟು ಚೆನ್ನಾಗಿಲ್ಲ: 92 ಡಾಲರ್ 7 ಸೆಂಟ್ ತೆರಿಗೆ ಬಾಕಿ, ಒಡತಿ ಸಂಬಂಧಿಕರ ಕೈಯಲ್ಲಿ ಹಣ ಕಳುಹಿಸಿದರೂ ಖುದ್ದಾಗಿ ಬರಬೇಕೆಂಬ ಹಟ, ಕೊನೆಗೆ 26,800 ಡಾಲರಿಗೆ ಹರಾಜು, ಕೊಂಡದ್ದು ಸರ್ಕಾರವೇ. ಲೀಯ ಮಗ ದಾವೆ ಹೂಡಿ 1882ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಮರುವರ್ಷ ಸರ್ಕಾರ 1,50,000 ಡಾಲರ್ ಕೊಟ್ಟು ಮತ್ತೆ ಕೊಂಡಿತು.

ಹಾಗಾಗಿ ಜಾಗದ ಆಯ್ಕೆಗೆ ಅಗತ್ಯವೇ ಸಾಕಷ್ಟು ಕಾರಣವಾಗಿತ್ತು. ಸಿಟ್ಟು ಕಾಣಿಸುವುದು ಮನೆಯ ಪಕ್ಕದ ಗುಲಾಬಿ ತೋಟದಲ್ಲಿ. ಅಷ್ಟು ಎಕರೆ ಖಾಲಿ ಇದ್ದರೂ ಮನೆಯ ಹತ್ತಿರವೇ ಹೂಳಬೇಕೆಂದು ಮೆಗ್ಸ್ ಪಟ್ಟು ಹಿಡಿದ. ತೋಟದ ಅಂಚಿಗೆ ಸೇನಾಧಿಕಾರಿಗಳ ಗೋರಿಗಳು ಸಾಲಾಗಿ ಎದ್ದವು. 1866ರಲ್ಲಿ ಬುಲ್ ರನ್ ರಣರಂಗದಿಂದಲೂ ಸುತ್ತಲಿನಿಂದಲೂ ಆಯ್ದು ತಂದ, ಯಾರದೆಂದು ತಿಳಿಯದ 2,111 ಸೈನಿಕರ ಅವಶೇಷಗಳನ್ನು ತೋಟದಲ್ಲೇ ತೋಡಿಸಿದ ನೆಲಮಾಳಿಗೆಯಲ್ಲಿಟ್ಟು ಮುಚ್ಚಿಸಿದ. ಈ ಗೋರಿಗಳನ್ನು ಜಮೀನಿನ ಎಲ್ಲಿ ಬೇಕಾದರೂ ತೋಡಬಹುದಿತ್ತು. ಮನೆಯ ಪಕ್ಕದಲ್ಲೇ ತೋಡಿಸಿದ್ದು, ಲೀ ಕುಟುಂಬ ಮತ್ತೆಂದೂ ಈ ಅಂಗಳದಲ್ಲಿ ಕುಳಿತು ಚಹಾ ಕುಡಿಯಬಾರದೆಂದು. ಇದು ನನ್ನ ಊಹೆ, ಆದರೆ ಆ ಗೋರಿಗಳ ಸಾಲನ್ನು ನೋಡಿದವರಿಗೆ ಬೇರೆ ಊಹೆ ಹೊಳೆಯುವುದು ಕಷ್ಟ.

ಮಗ ಜಾನ್ ವೆಸ್ಟ್ ಪಾಯಿಂಟ್‌ನಲ್ಲಿ ತರಗತಿಗೇ ಮೊದಲಿಗನಾಗಿ ಪಾಸಾದವನು. ಉತ್ತರದ ಜನರಲ್ ಶೆರಿಡನ್‌ನ ಸೇನೆಯಲ್ಲಿ ಎಂಜಿನಿಯರ್ ಆಗಿದ್ದಾಗ, ಡೇಟನ್ ಎಂಬ ಹಳ್ಳಿಯ ಬಳಿ ಮೂವರು ಸವಾರರು ಎದುರಾಗಿ ಸತ್ತ. ಇಪ್ಪತ್ತೆರಡು ವರ್ಷ. ಇದು ಕಾಳಗವಲ್ಲ, ಕೊಲೆ ಎಂದು ತಂದೆ ನಂಬಿದ. ಎದುರಾದವರು ಶತ್ರುಸೇನೆಯ ಬೇಹಿನವರು, ನಡೆದದ್ದು ಮುಖಾಮುಖಿ ಹೊಡೆದಾಟ ಎಂಬ ಮಾತು ಬಂದರೂ ಅವನಿಗೆ ಹಿಡಿಸಲಿಲ್ಲ. ಶೆರಿಡನ್ ಆ ಸಾವಿನ ನೆಪದಲ್ಲಿ ಸುತ್ತಲಿನ ಎಷ್ಟೋ ಮನೆಗಳಿಗೆ ಬೆಂಕಿ ಇಡಿಸಿದ. ಮಗನ ಸಾವಿಗೆ ಸೇಡು ಎಂದು ಯಾವುದನ್ನಾದರೂ ಕರೆಯುವುದಾದರೆ ಅದನ್ನು ಕರೆಯಬೇಕು, ಈ ಸ್ಮಶಾನವನ್ನಲ್ಲ.

ಮೆಗ್ಸ್ 1882ರಲ್ಲಿ ನಿವೃತ್ತನಾದ. ಆಮೇಲೂ ಕೈ ಕಟ್ಟಿ ಕೂರಲಿಲ್ಲ. ಯುದ್ಧದ ಪಿಂಚಣಿ ಕಚೇರಿಗಾಗಿ ಒಂದೂವರೆ ಕೋಟಿಗೂ ಹೆಚ್ಚು ಇಟ್ಟಿಗೆಗಳ ಅರಮನೆಯಂಥ ಕಟ್ಟಡ ಕಟ್ಟಿದ. ಅದರ ಹೊರಗೋಡೆಯ ಸುತ್ತ 1,200 ಅಡಿ ಉದ್ದಕ್ಕೆ ಸೈನಿಕರ ಮೆರವಣಿಗೆಯ ಶಿಲ್ಪಪಟ್ಟಿಯಿದೆ. ಅದರಲ್ಲಿ ಬಂಡಿ ಹೊಡೆಯುವವನು ಕಪ್ಪು ಮನುಷ್ಯನೇ ಆಗಿರಬೇಕು, ಯುದ್ಧದಿಂದ ಬಿಡುಗಡೆಯಾದ ಗುಲಾಮ ಆಗಿರಬೇಕು ಎಂದು ಶಿಲ್ಪಿಗೆ ಸ್ಪಷ್ಟವಾಗಿ ಹೇಳಿದ್ದ. ಕಾದಾಡಿದವರ ಸಾಲಿನಲ್ಲಿ ಬಂಡಿಯವನಿಗೂ ಜಾಗ ಕೊಡುವ ಯೋಚನೆ ಸರಬರಾಜಿನ ಮುಖ್ಯಸ್ಥನಿಗೇ ಬರಬೇಕು.

1892ರ ಜನವರಿಯಲ್ಲಿ ಸತ್ತ ಮೆಗ್ಸ್ ಲೀಯ ಮನೆಯ ಹಿಂಬದಿಯಲ್ಲೇ, ನಡೆದು ಹೋಗುವಷ್ಟು ಹತ್ತಿರದಲ್ಲಿ ಮಲಗಿದ್ದಾನೆ. ದೊಡ್ಡ ಕಲ್ಲಿನ ಸಮಾಧಿ, ಅದರ ಮೇಲೆ ಹೆಸರು, ಹೆಸರಿನ ಜೊತೆಗೆ ಬಿರುದುಗಳು: ಸೈನಿಕ, ಎಂಜಿನಿಯರ್, ವಾಸ್ತುಶಿಲ್ಪಿ, ವಿಜ್ಞಾನಿ, ದೇಶಭಕ್ತ. ಇದನ್ನು ಓದಿ ನನ್ನ ಅತಿಥಿಗಳು ನಗುತ್ತಾರೆ, ನಾನೂ ನಗುತ್ತೇನೆ. ಪಕ್ಕದಲ್ಲಿ, ಕಾಲು ಎಡವುವಷ್ಟು ಗಿಡ್ಡಕ್ಕೆ, ಮಗನದು. ಸತ್ತಾಗ ಹೇಗೆ ಸಿಕ್ಕಿದನೋ ಹಾಗೆಯೇ, ಸೇನೆಯ ಮೇಲಂಗಿಯಲ್ಲಿ ಅಂಗಾತ ಬಿದ್ದ ಹುಡುಗನ ಕಂಚಿನ ಪ್ರತಿಮೆ. ಬಗ್ಗಿ ನೋಡಿದರೆ ಅವನ ಸುತ್ತಲಿನ ಕೆಸರಿನಲ್ಲಿ ಕುದುರೆಗಳ ಗೊರಸಿನ ಗುರುತುಗಳೂ ಇವೆ.