1821ರ ಮಾದರಿಯ ಅಶ್ವದಳ ಕತ್ತಿ: ತುಕ್ಕಿನಡಿಯ ಎಚಿಂಗ್ ಉಳಿಸುವ ಕೆಲಸ, ಇಲ್ಲಿಯವರೆಗೆ

ದಿನ 1
ಬ್ರಿಟಿಷ್ ಲಘು ಅಶ್ವದಳದ ಅಧಿಕಾರಿಗಳ ಕತ್ತಿ. ಅಲಗು 88 ಸೆಂ.ಮೀ., ಬುಡದ ಅಗಲ 29 ಮಿ.ಮೀ., ಒರೆ ಬಿಟ್ಟು ತೂಕ 830 ಗ್ರಾಂ. ಕೈ ಕಾಯುವ ಮೂರು ಉಕ್ಕಿನ ಪಟ್ಟಿ, ಮರದ ಹಿಡಿಗೆ ತೊರಕೆ ಮೀನಿನ ಚರ್ಮ, ಅದರ ಮೇಲೆ ಸುತ್ತಿದ ತಂತಿ, ಎರಡು ಬಳೆಯ ಉಕ್ಕಿನ ಒರೆ. ಈ ಮಾದರಿಯ ಮೊದಮೊದಲ ಅಲಗುಗಳ ಬೆನ್ನಿನುದ್ದಕ್ಕೂ ಕೊಳವೆಯಂಥ ದುಂಡು ಇರುತ್ತದೆ. ಇದಕ್ಕೆ ಅದಿಲ್ಲ, ಎರಡು ಮೈಯಲ್ಲೂ ಅಗಲವಾದ ತೋಡು ಇದೆ. ಹಾಗಾಗಿ 1840ರ ದಶಕದ ಮಧ್ಯಭಾಗದಿಂದ ಈಚಿನದು.

ಮೂರು ಪಟ್ಟಿ ಕಂಡ ಕೂಡಲೇ ಅಶ್ವದಳದ್ದು ಎಂದು ಚೀಟಿ ಅಂಟಿಸುವವರು ಬಹಳ. ಬ್ರಿಟಿಷ್ ಫಿರಂಗಿ ಪಡೆಯಾದ ರಾಯಲ್ ಆರ್ಟಿಲರಿಯ ಅಧಿಕಾರಿಗಳೂ ಇದೇ ಹಿಡಿಯ ಕತ್ತಿ ಕಟ್ಟುತ್ತಿದ್ದರು. ಅಲಗಿನ ಮೇಲೆ ಆಮ್ಲದಿಂದ ಕೊರೆದ ಚಿತ್ರ, ಅಂದರೆ ಎಚಿಂಗ್‌ನಲ್ಲಿ ಫಿರಂಗಿ ಇದ್ದರೆ ಅದು ಆರ್ಟಿಲರಿಯದು. ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದುದರಿಂದ ರೆಜಿಮೆಂಟಿನ ಹೆಸರು, ಮನೆತನದ ಲಾಂಛನ, ಹೆಸರಿನ ಮೊದಲಕ್ಷರಗಳೂ ಅಲ್ಲೇ ಸಿಗುತ್ತವೆ. ಸಂಗ್ರಾಹಕರು ಬೆಲೆ ಕಟ್ಟುವುದು ಈ ತೆಳ್ಳನೆಯ ಕೆತ್ತನೆಗೆ. ಸದ್ಯ ಅದರ ಅರ್ಧ ಭಾಗ ತುಕ್ಕಿನಡಿ ಹೂತಿದೆ.

ದಿನ 2ರಿಂದ 6
ಹೊಲಿಗೆ ಯಂತ್ರದ ಎಣ್ಣೆ ಸವರಿ 24 ಗಂಟೆ ಬಿಟ್ಟು ಒರೆಸುವುದು, ಮತ್ತೆ ಸವರುವುದು. ಐದು ಸುತ್ತಾಯಿತು. ಬಟ್ಟೆಗೆ ಬರುವ ಕೆಂಪು ಪುಡಿ ಇನ್ನೂ ತಿನ್ನುತ್ತಿರುವ ತುಕ್ಕು, ಅದು ಹೋಗಲೇಬೇಕು. ಕಪ್ಪಗೆ ಗಟ್ಟಿಯಾಗಿ ಕೂತದ್ದನ್ನು ಮುಟ್ಟುವ ಹಾಗಿಲ್ಲ. ಕೆರೆದರೆ ಕೆಳಗೆ ಗುಳಿ ಬಿದ್ದ ಬೂದು ಲೋಹ ಕಾಣುತ್ತದೆ, ಕತ್ತಿಯ ವಯಸ್ಸೂ ಅದರೊಂದಿಗೆ ಹೋಗುತ್ತದೆ.

ಎದ್ದು ನಿಂತ ತುಕ್ಕಿನ ಹಕ್ಕಳೆಗೆ ಹಳೇ ತಾಮ್ರದ ಕಾಸಿನ ಅಂಚು ಸಾಕು. ತಾಮ್ರ ಉಕ್ಕಿಗಿಂತ ಮೆತ್ತಗಿರುವುದರಿಂದ ಗೀರು ಬೀಳದು. ಎಚಿಂಗ್ ಇಲ್ಲದ ಕಡೆ 0000 ನಂಬರಿನ, ಅಂದರೆ ತೀರಾ ನಯವಾದ ಸ್ಟೀಲ್ ವೂಲ್ (ಉಕ್ಕಿನ ಎಳೆಗಳ ಉಂಡೆ), ಎಣ್ಣೆಯಲ್ಲಿ ಅದ್ದಿ, ಅಲಗಿನ ಉದ್ದಕ್ಕೇ. ಸುತ್ತಿಸಿ ಉಜ್ಜಿದರೆ ಆ ವೃತ್ತಗಳು ಟ್ಯೂಬ್‌ಲೈಟ್ ಕೆಳಗೆ ಕಣ್ಣಿಗೆ ಹೊಡೆಯುತ್ತವೆ.

ಎಚಿಂಗ್ ಇರುವ ಭಾಗಕ್ಕೆ ಮಾತ್ರ ಹತ್ತಿ ಬಟ್ಟೆ ಮತ್ತು ಎಣ್ಣೆ, ಬೇರೇನೂ ಬೇಡ. ಅಲ್ಲಿ ಚಿತ್ರ ಕಾಣುವುದೇ ಮಂಕು ಮೈ ಮತ್ತು ಹೊಳೆಯುವ ಮೈ ಪಕ್ಕಪಕ್ಕ ಇರುವುದರಿಂದ. ಲೋಹದ ಪಾಲಿಶ್ ಹಾಕಿದರೆ ಎರಡೂ ಒಂದೇ ಸಮ ಹೊಳೆದು ಚಿತ್ರ ಮಾಯ. ಹಿತ್ತಾಳೆ ಪಾತ್ರೆಯ ಅಭ್ಯಾಸದಲ್ಲಿ ಹುಣಸೆಹಣ್ಣು ಹಚ್ಚುವವರೂ ಇದ್ದಾರೆ. ಆ ಹುಳಿ ಉಕ್ಕನ್ನೇ ತಿಂದು ಮೈಯೆಲ್ಲ ಬೂದು ಕಲೆ ಮಾಡುತ್ತದೆ.

ದಿನ 7
ಹಿಡಿ. ತಂತಿಯ ಸಂದಿಯಲ್ಲಿ ಹಸಿರು ಕಿಲುಬು. ಬಿದಿರಿನ ಹಲ್ಲುಕಡ್ಡಿಯಿಂದ ಒಣಗಿದ್ದಾಗಲೇ ತೆಗೆದದ್ದಾಯಿತು. ಮೀನಿನ ಚರ್ಮಕ್ಕೆ ನೀರು, ಎಣ್ಣೆ ಎರಡೂ ಆಗದು: ನೆನೆದರೆ ಉಬ್ಬಿ ಹೊಲಿಗೆ ಬಿಡುತ್ತದೆ. ಅಲಗಿನ ಬುಡದ ಚರ್ಮದ ವಾಷರ್ ಸುಕ್ಕುಗಟ್ಟಿದೆ, ಹಿಡಿ ಸ್ವಲ್ಪ ಅಲ್ಲಾಡುತ್ತದೆ. ಇದ್ದರೆ ಇರಲಿ. ವಾಷರ್ ಬದಲಿಸಲು ತುದಿಯಲ್ಲಿ ಬಡಿದು ಕೂರಿಸಿದ ರಿವೆಟ್ ಬಿಚ್ಚಬೇಕು, ಒಮ್ಮೆ ಬಿಚ್ಚಿದ ಕತ್ತಿಯನ್ನು ಯಾರೂ ನಂಬುವುದಿಲ್ಲ.

ದಿನ 8ರಿಂದ 11
ಒರೆಯೇ ಹೆಚ್ಚು ಕಾಡಿದ್ದು. ಬಾಯಿಯ ಎರಡು ಸಣ್ಣ ಸ್ಕ್ರೂ ಜಗ್ಗಲಿಲ್ಲ. ಎರಡು ದಿನ ಎಣ್ಣೆ ತೊಟ್ಟಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯನ್ನು ಅರದಿಂದ ಉಜ್ಜಿ ಸೀಳಿಗೆ ಬಿಗಿಯಾಗಿ ಕೂರುವಂತೆ ಮಾಡಿದ ಮೇಲೆ ಬಂದವು. ಸಡಿಲ ತುದಿ ಹಾಕಿದ್ದರೆ ಸೀಳು ಹರಿದೇ ಹೋಗುತ್ತಿತ್ತು. ಒಳಗಿನ ಮರದ ಪಟ್ಟಿಗಳು ಇನ್ನೂ ತೇವ. ಅಲಗಿನ ಮಧ್ಯದ ತುಕ್ಕಿನ ಮೂಲ ಇದೇ. ನೆರಳಲ್ಲಿ ಒಣಗುತ್ತಿವೆ. ಅಲ್ಲಿಯವರೆಗೆ ಕತ್ತಿ ಒರೆಯ ಹೊರಗೆ, ಮೈಕ್ರೋಕ್ರಿಸ್ಟಲೈನ್ ಮೇಣದ (ಪೆಟ್ರೋಲಿಯಂನಿಂದ ತೆಗೆದ ಸೂಕ್ಷ್ಮ ಹರಳಿನ ಮೇಣ) ತೆಳು ಲೇಪದಲ್ಲಿ. ಮುಟ್ಟುವಾಗ ಗ್ಲೌಸ್ ಬೇಕು, ಮಳೆಗಾಲದಲ್ಲಿ ಬೆರಳ ಬೆವರಿನ ಗುರುತು ಎರಡೇ ದಿನದಲ್ಲಿ ಕೆಂಪಗಾಗುತ್ತದೆ.

ದಿನ 12
ಎಚಿಂಗ್‌ನಲ್ಲಿ ಈಗ ಕಾಣುವುದು: ಕಿರೀಟ, ಅದರಡಿ ವಿ.ಆರ್. (ವಿಕ್ಟೋರಿಯಾ ರೆಜೈನಾ, ರಾಣಿ ವಿಕ್ಟೋರಿಯಾ), ಅಂದರೆ 1837–1901ರ ಕಾಲ. ಫಿರಂಗಿ ಎಲ್ಲೂ ಇಲ್ಲ. ಬುಡದಲ್ಲಿ ಆರು ಮೂಲೆಯ ನಕ್ಷತ್ರದ ನಡುವೆ ಪುಟ್ಟ ಹಿತ್ತಾಳೆ ಬಿಲ್ಲೆ, ಇನ್ನೊಂದು ಮೈಯಲ್ಲಿ ಲಂಡನ್ನಿನ ಕತ್ತಿ ತಯಾರಕ ವಿಲ್ಕಿನ್ಸನ್ ಹೆಸರು. ವಿಲ್ಕಿನ್ಸನ್ 1854ರಿಂದ ಅಲಗಿನ ಬೆನ್ನಿಗೆ ಕ್ರಮಸಂಖ್ಯೆ ಹೊಡೆಯುತ್ತಿತ್ತು, ಆ ಲೆಕ್ಕದ ಪುಸ್ತಕಗಳು ಉಳಿದಿರುವುದರಿಂದ ಸಂಖ್ಯೆ ಸಿಕ್ಕರೆ ಮಾರಾಟದ ವರ್ಷ, ಎಷ್ಟೋ ಸಲ ಕೊಂಡವನ ಹೆಸರೂ ಸಿಗುತ್ತದೆ. ಟಾರ್ಚನ್ನು ಅಡ್ಡ ಹಿಡಿದಾಗ ಐದರಲ್ಲಿ ನಾಲ್ಕು ಅಂಕಿ ಓದಲು ಬಂದವು. ಕೊನೆಯದು 3 ಅಥವಾ 8. ಅದರ ಮೇಲೆ ಇನ್ನೊಂದು ಸುತ್ತು ಎಣ್ಣೆ ಬಿಟ್ಟಿದೆ.