ಬೆಳಗ್ಗೆ ಟಿರೆಟ್ಟಾ ಬಜಾರ್, ಸಂಜೆ ಟಾಂಗ್ರಾ

ಕೋಲ್ಕತ್ತದ ಹಳೆಯ ಚೀನೀ ಬೀದಿ ಟಿರೆಟ್ಟಾ ಬಜಾರಿನ ಬೆಳಗಿನ ತಿಂಡಿ ಸವಿಯುವುದಾದರೆ ಭಾನುವಾರವೇ ಹೋಗಿ, ಬೆಳಗ್ಗೆ ಆರೂವರೆಯೊಳಗೆ ಅಲ್ಲಿರಿ. ಶನಿವಾರ ನಾನು ಸ್ನಾನ, ಕಾಫಿ ಎಲ್ಲ ಮುಗಿಸಿಕೊಂಡು ಒಂಬತ್ತಕ್ಕೆ ಹೋದೆ. ಸಿಕ್ಕಿದ್ದು ಬರೀ ತರಕಾರಿ ಬುಟ್ಟಿಗಳು. ಮರುದಿನ ಕತ್ತಲಿರುವಾಗಲೇ ಟ್ಯಾಕ್ಸಿ ಹಿಡಿದೆ. ಚಾಲಕರಿಗೆ ಹತ್ತಿರದ ಕಟ್ಟಡ ‘ಪೊದ್ದಾರ್ ಕೋರ್ಟ್’ ಎನ್ನಿ. ‘ಚೈನಾಟೌನ್’ ಎಂದರೆ ಊರಿನ ಇನ್ನೊಂದು ಚೀನೀ ಬಡಾವಣೆ ಟಾಂಗ್ರಾಕ್ಕೆ ಒಯ್ದುಬಿಟ್ಟಾರು.

ಹಬೆಪಾತ್ರೆಯ ಮುಚ್ಚಳ ತೆಗೆದಾಗ ಅಂಗೈಯಗಲದ ಬಿಳಿ ಬಾವ್‌ಗಳು (ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಬನ್) ಕಂಡವು, ಪಕ್ಕದಲ್ಲಿ ಮೀನುಂಡೆಯ ಸಾರು. ಬಹುಪಾಲು ತಿನಿಸಿನಲ್ಲಿ ಹಂದಿಮಾಂಸವಿರುತ್ತದೆ, ಸಸ್ಯಾಹಾರಿಗಳು ಕೇಳದೆ ಬಾಯಿಗಿಡಬೇಡಿ. ಚಿಲ್ಲರೆ ಜೇಬಿನಲ್ಲಿರಲಿ. ಮಾರುವವರಲ್ಲಿ ಈಗ ಚೀನೀಯರೇ ಕಡಿಮೆ. 1962ರ ಭಾರತ-ಚೀನಾ ಯುದ್ಧದಲ್ಲಿ ಇಲ್ಲಿನ ಚೀನೀಯರಲ್ಲಿ ಅನೇಕರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಆಮೇಲೆ ಕೆನಡಾ ಕಡೆಗೆ ಹೊರಟವರು ಸಾಕಷ್ಟು. ನಾನು ನಿಂತ ಕಡೆ ಉಳಿದಿದ್ದವರು ಒಬ್ಬ ಅಜ್ಜಿ. ಚೌಕಾಸಿಗಿಳಿದ ಗಿರಾಕಿಯನ್ನು ಅಪ್ಪಟ ಬಂಗಾಳಿಯಲ್ಲಿ ಗದರಿದರು.

ತಿಂದಾದ ಮೇಲೆ 1905ರ ಸೀ ಇಪ್ ‘ಚರ್ಚ್’ ನೋಡಿ. ಹೆಸರಿಗಷ್ಟೇ ಚರ್ಚ್, ಒಳಗಿರುವವಳು ಕರುಣೆಯ ದೇವಿ ಗುವಾನ್ ಯಿನ್.

ಟಾಂಗ್ರಾವನ್ನು ಸಂಜೆಗಿಡಿ. ಇದು ಹಕ್ಕಾ ಸಮುದಾಯದ ಚೀನೀಯರು ಚರ್ಮ ಹದ ಮಾಡುತ್ತಿದ್ದ ಜಾಗ. ಮಾಲಿನ್ಯದ ಕಾರಣಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ಈ ಕಾರ್ಖಾನೆಗಳನ್ನು ಸ್ಥಳಾಂತರಿಸಲು ಆದೇಶಿಸಿತು. ಊರ ಹೊರಗಿನ ಬಂತಲಾದಲ್ಲಿ ಚರ್ಮೋದ್ಯಮಕ್ಕೆ ಹೊಸ ಪ್ರದೇಶವೇ ಸಿದ್ಧವಾಯಿತು. ಇಲ್ಲಿ ಉಳಿದವರಿಗೆ ಹೋಟೆಲ್ ಕೈಹಿಡಿಯಿತು. ಎತ್ತರದ ಗೋಡೆ, ಲಾರಿ ನುಗ್ಗುವಷ್ಟು ಅಗಲದ ಕಬ್ಬಿಣದ ಗೇಟು, ಅದರ ಮೇಲೆ ಕೆಂಪು ದೀಪ: ಕಟ್ಟಡದ ಹಳೆಯ ಕಸುಬು ಹೊರಗಿನಿಂದಲೇ ತಿಳಿಯುತ್ತದೆ. ಊಟಕ್ಕೆ ಮೊದಲು ಚೀನೀ ಕಾಳಿ ಗುಡಿಗೆ ಹೋಗಿ. ಅಲ್ಲಿ ದೇವಿಗೆ ನೂಡಲ್ಸ್ ನೈವೇದ್ಯವೂ ಉಂಟು. ಹೋಟೆಲಿನಲ್ಲಿ ಒಂದು ತಟ್ಟೆ ತರಿಸಿ ಇಬ್ಬರು ಹಂಚಿಕೊಳ್ಳಿ, ನಾವು ಎರಡು ತರಿಸಿ ಸೋತೆವು. ರುಚಿ ಚೀನಾದ್ದಲ್ಲ ಎಂದು ಮೂಗು ಮುರಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಬೀದಿಯ ಗೋಬಿ ಮಂಚೂರಿಗೆ ಇದೇ ಊರಿನ ಅಡುಗೆಯ ನಂಟಿದೆ.

ಟಿರೆಟ್ಟಾದ ಪೌ ಚಾಂಗ್ ಅಂಗಡಿಯ ಹಸಿಮೆಣಸಿನಕಾಯಿ ಸಾಸ್ ಕೊಂಡರೆ ವಿಮಾನದ ಕೈಚೀಲದಲ್ಲಿ ಇಡಬೇಡಿ. ನನ್ನ ಎರಡು ಬಾಟಲಿಗಳೂ ತಪಾಸಣೆಯಲ್ಲೇ ಉಳಿದವು.