ಮ್ಯೂನಿಕ್‌ನಲ್ಲಿ ಎರಡು ಭಯಗಳ ಜಾಡು

ಮ್ಯೂನಿಕ್ ನಗರದ ಕಾರ್ಡಿನಲ್ ಫೌಲ್‌ಹಾಬರ್ ಬೀದಿಯ ಕಾಲುದಾರಿಯಲ್ಲಿ, ನೆಲಕ್ಕುರುಳಿದ ಮನುಷ್ಯನೊಬ್ಬನ ದೇಹದ ಹೊರರೇಖೆಯನ್ನು ಲೋಹದಲ್ಲಿ ಮೂಡಿಸಿದ್ದಾರೆ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಅರಸೊತ್ತಿಗೆಯನ್ನು 1918ರ ನವೆಂಬರ್‌ನಲ್ಲಿ ಕೊನೆಗಾಣಿಸಿ ಗಣರಾಜ್ಯವನ್ನು ಘೋಷಿಸಿದ ಸಮಾಜವಾದಿ ಕುರ್ಟ್ ಐಸ್ನರ್, 1919ರ ಫೆಬ್ರುವರಿ 21ರಂದು ರಾಜೀನಾಮೆ ಸಲ್ಲಿಸಲು ಶಾಸನಸಭೆಗೆ ನಡೆದು ಹೋಗುತ್ತಿದ್ದಾಗ ಗುಂಡೇಟಿಗೆ ಬಲಿಯಾದದ್ದು ಇಲ್ಲಿಯೇ. ಆ ಬೀದಿಗೆ ಈಗ ಇರುವ ಹೆಸರು, ಐಸ್ನರ್‌ನ ಕ್ರಾಂತಿಯನ್ನು ರಾಜದ್ರೋಹವೆಂದು ಖಂಡಿಸಿದ್ದ ಧರ್ಮಾಧ್ಯಕ್ಷರದು. ಎರಡು ಮಹಾಯುದ್ಧಗಳ ನಡುವಿನ ಯುರೋಪು ಕಮ್ಯುನಿಸಂ ಮತ್ತು ಫ್ಯಾಸಿಸಂಗಳನ್ನು ಹೇಗೆ ತೂಗಿ ನೋಡಿತೆಂಬುದನ್ನು ತಿಳಿಯಬಯಸುವವರು ನಡಿಗೆಯನ್ನು ಈ ಕಾಲುದಾರಿಯಿಂದಲೇ ಆರಂಭಿಸುವುದು ಒಳ್ಳೆಯದೆಂದು ನನಗನ್ನಿಸಿತು.

ಐಸ್ನರ್ ಹತ್ಯೆಯ ಬಳಿಕ ನಗರ ಅಲ್ಲೋಲಕಲ್ಲೋಲವಾಯಿತು. ಏಪ್ರಿಲ್ 7ರಂದು ಕವಿಗಳೂ ಅರಾಜಕತಾವಾದಿಗಳೂ ಸೇರಿ ಸೋವಿಯತ್ ಗಣರಾಜ್ಯವೊಂದನ್ನು, ಅಂದರೆ ಕಾರ್ಮಿಕ ಮಂಡಳಿಗಳ ಆಡಳಿತವನ್ನು, ಸಾರಿದರು. ವಾರ ಕಳೆಯುವಷ್ಟರಲ್ಲಿ ಯೂಗೆನ್ ಲೆವಿನೆಯ ನಾಯಕತ್ವದಲ್ಲಿ ಕಮ್ಯುನಿಸ್ಟರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ತಿಂಗಳ ಕೊನೆಯ ದಿನ ಲುಯಿಟ್‌ಪೋಲ್ಡ್ ಶಾಲೆಯಲ್ಲಿ ಹತ್ತು ಮಂದಿ ಒತ್ತೆಯಾಳುಗಳನ್ನು ಕೊಂದದ್ದು ಮಧ್ಯಮವರ್ಗದ ಮನಸ್ಸಿನಲ್ಲಿ ಅಳಿಯದ ಭೀತಿಯಾಗಿ ಉಳಿಯಿತು. ಆದರೆ ನಗರವನ್ನು 'ವಿಮೋಚನೆ'ಗೊಳಿಸಲು ಬಂದ ಸೈನ್ಯವೂ ಫ್ರೈಕೋರ್ ಎಂಬ ಸ್ವಯಂಸೇವಕ ಪಡೆಗಳೂ ಮೇ ತಿಂಗಳ ಮೊದಲ ದಿನಗಳಲ್ಲಿ ನೂರಾರು ಜನರನ್ನು ಕೊಂದವು. ಕರೋಲಿನೆನ್‌ಪ್ಲಾಟ್ಸ್ ಎಂಬ ವೃತ್ತದ ನಡುವಿನ ಎತ್ತರದ ಕಂಬವನ್ನು ಪ್ರವಾಸಿಗರು ನಿಂತು ನೋಡುತ್ತಾರೆ; ಅದೇ ವೃತ್ತದ ಅಂಚಿನ ಅರಮನೆಯೊಂದರ ನೆಲಮಾಳಿಗೆಯಲ್ಲಿ ಮೇ 6ರಂದು ಕ್ಯಾಥೊಲಿಕ್ ಸಂಘವೊಂದರ 21 ಕುಶಲಕರ್ಮಿಗಳನ್ನು ಕಮ್ಯುನಿಸ್ಟರೆಂದು ತಪ್ಪು ತಿಳಿದು ಕೊಲ್ಲಲಾಯಿತು. ಸತ್ತವರು ತಮ್ಮವರೇ ಎಂದು ತಿಳಿದಾಗ ನಗರ ಬೆಚ್ಚಿತು ನಿಜ, ಆದರೆ ನಂತರದ ವರ್ಷಗಳಲ್ಲಿ ಜನ ನೆನೆದು ನೆನೆದು ಹೆದರಿದ್ದು ಕೆಂಪು ಬಾವುಟಕ್ಕೆ ಮಾತ್ರ.

ಈ ಭಯ ನ್ಯಾಯಾಲಯದಲ್ಲಿ ಯಾವ ರೂಪ ತಾಳಿತೆಂಬುದನ್ನು ತಿಳಿಯಲು ಓಡಿಯೋನ್ಸ್‌ಪ್ಲಾಟ್ಸ್‌ಗೆ ಬರಬೇಕು. 1923ರ ನವೆಂಬರ್ 9ರಂದು ಅಧಿಕಾರ ಕಸಿಯಲು ದಂಗೆಯೆದ್ದ ಹಿಟ್ಲರನ ಮೆರವಣಿಗೆಯನ್ನು ಪೊಲೀಸರು ತಡೆದದ್ದು ಇಲ್ಲಿರುವ ಫೆಲ್ಡ್‌ಹೆರ್ನ್‌ಹಾಲೆ ಎಂಬ ಕಮಾನು ಮಂಟಪದ ಪಕ್ಕದಲ್ಲಿ. ಅಂದು ಸತ್ತ ನಾಲ್ವರು ಪೊಲೀಸರ ಹೆಸರುಗಳನ್ನು ಹೊತ್ತ ಫಲಕ ಎದುರಿನ ಅರಮನೆಯ ಗೋಡೆಯ ಮೇಲಿದೆ. ಲೆವಿನೆಯನ್ನು 1919ರ ಜೂನ್‌ನಲ್ಲಿಯೇ ಗುಂಡಿಕ್ಕಿ ಕೊಲ್ಲಲಾಗಿತ್ತು. ಸೋವಿಯತ್ ಗಣರಾಜ್ಯದ ನಾಯಕರಲ್ಲೊಬ್ಬನಾಗಿದ್ದ ನಾಟಕಕಾರ ಅರ್ನ್ಸ್ಟ್ ಟೊಲರ್ ಐದು ವರ್ಷಗಳ ಶಿಕ್ಷೆಯನ್ನು ಪೂರ್ತಿಯಾಗಿ ಅನುಭವಿಸಿದ. ಐಸ್ನರ್‌ನ ಕೊಲೆಗಾರ ಆಂಟನ್ ಆರ್ಕೊಗೆ ವಿಧಿಸಿದ್ದ ಮರಣದಂಡನೆಯಾದರೋ ಮರುದಿನವೇ ಜೀವಾವಧಿಗೆ ಇಳಿಯಿತು, 1924ರಲ್ಲಿ ಅವನು ಹೊರಬಂದ. ಆರ್ಕೊನ ವಿಚಾರಣೆ ನಡೆಸಿದ್ದ ನ್ಯಾಯಾಧೀಶ ಗೆಯೋರ್ಗ್ ನೈಟ್‌ಹಾರ್ಟ್ ಅವರೇ ಹಿಟ್ಲರನ ಮೊಕದ್ದಮೆಯನ್ನೂ ನಡೆಸಿದರು. ರಾಜ್ಯದ ವಿರುದ್ಧ ದಂಗೆಯೆದ್ದವನಿಗೆ ದೊರೆತದ್ದು ಐದು ವರ್ಷಗಳ ಸುಖವಾಸದಂಥ ಸೆರೆ. ಅದೂ 1924ರ ಡಿಸೆಂಬರ್ 20ಕ್ಕೆ ಮುಗಿಯಿತು. ಎರಡೂ ಅಪಾಯಗಳೇ ಎಂದು ಬಾಯಲ್ಲಿ ಹೇಳುತ್ತಿದ್ದ ಅಧಿಕಾರಸ್ಥರು ತೂಗುವಾಗ ಬಳಸಿದ್ದು ಬೇರೆ ಬೇರೆ ತಕ್ಕಡಿಗಳನ್ನು.

ಚರ್ಚಿನ ನಿಲುವು ಇಷ್ಟು ಸರಳವಲ್ಲ. ಫೌಲ್‌ಹಾಬರ್ ಅವರ ಸಮಾಧಿ ಇರುವ ಫ್ರೌಯೆನ್‌ಕಿರ್ಖೆ ಎಂಬ ಚರ್ಚಿನ ತಣ್ಣನೆಯ ಒಳಾಂಗಣದಲ್ಲಿ ನಿಂತಾಗ 1937ರ ಮಾರ್ಚ್ ತಿಂಗಳ ಎರಡು ಪೋಪ್ ಪತ್ರಗಳು ನೆನಪಾದವು. 14ರ ದಿನಾಂಕ ಹೊತ್ತ ಒಂದು ನಾಜಿಗಳ ನಡೆಯನ್ನು ಖಂಡಿಸಿದರೆ, 19ರ ಇನ್ನೊಂದು ಕಮ್ಯುನಿಸಂ ಅನ್ನು ಖಂಡಿಸಿತು. ಮೊದಲನೆಯದರ ಕರಡು ಫೌಲ್‌ಹಾಬರ್ ಅವರದೇ. ಅದನ್ನು ಜರ್ಮನಿಯೊಳಗೆ ಗುಟ್ಟಾಗಿ ಮುದ್ರಿಸಿ ಚರ್ಚುಗಳಲ್ಲಿ ಓದಿಸಿದ್ದು ಸಣ್ಣ ಧೈರ್ಯವಲ್ಲ. ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, 1936ರ ನವೆಂಬರ್‌ನಲ್ಲಿ, ಅವರೇ ಓಬರ್‌ಸಾಲ್ಸ್‌ಬರ್ಗ್‌ನ ಬೆಟ್ಟದ ನಿವಾಸದಲ್ಲಿ ಹಿಟ್ಲರನನ್ನು ಕಂಡು ಬೋಲ್ಶೆವಿಸಂ (ರಷ್ಯಾದ ಕಮ್ಯುನಿಸಂ) ಎಂಬ ಸಮಾನ ಶತ್ರುವಿನ ಬಗ್ಗೆ ಮಾತನಾಡಿ ಬಂದಿದ್ದರು.

ಈ ಊರಿನಲ್ಲಿ ನಾನು ಹೆಚ್ಚು ಗೌರವದಿಂದ ನೆನೆದದ್ದು ಪತ್ರಕರ್ತ ಫ್ರಿಟ್ಸ್ ಗೆರ್ಲಿಖ್ ಅವರನ್ನು. ಅವರೇನೂ ಉದಾರವಾದಿಯಲ್ಲ, ಕಟ್ಟಾ ರಾಷ್ಟ್ರೀಯವಾದಿ. ಕಮ್ಯುನಿಸಂ ಎನ್ನುವುದು ಸಾವಿರ ವರ್ಷಗಳ ದೈವೀರಾಜ್ಯದ ಹಳೆಯ ನಂಬಿಕೆಯ ಹೊಸ ರೂಪವೆಂದು ವಾದಿಸುವ ಪುಸ್ತಕವನ್ನು ಅವರು 1920ರಲ್ಲಿಯೇ ಪ್ರಕಟಿಸಿದ್ದರು. 1923ರ ದಂಗೆಯ ನಂತರ ಹಿಟ್ಲರನಿಂದ ಸಂಪೂರ್ಣವಾಗಿ ದೂರವಾದ ಅವರು, 1930ರ ದಶಕದ ಆರಂಭದಲ್ಲಿ ತಮ್ಮ ವಾರಪತ್ರಿಕೆಯಲ್ಲಿ ಕಮ್ಯುನಿಸ್ಟರನ್ನೂ ನಾಜಿಗಳನ್ನೂ ಒಂದೇ ಉಗ್ರತೆಯಿಂದ ಟೀಕಿಸಿದರು. ಒಂದನ್ನು ತಡೆಯಲು ಇನ್ನೊಂದರ ನೆರವು ಪಡೆಯಬಹುದೆಂಬ ಆಗಿನ ಜನಪ್ರಿಯ ಲೆಕ್ಕಾಚಾರಕ್ಕೆ ಅವರು ಸೊಪ್ಪು ಹಾಕಲಿಲ್ಲ. 1933ರ ಮಾರ್ಚ್ 9ರಂದು ನಾಜಿಗಳು ಅವರ ಕಚೇರಿಗೆ ನುಗ್ಗಿ ಅವರನ್ನು ಬಂಧಿಸಿದರು.

ನಾಜಿಗಳ ಸೆರೆಶಿಬಿರವಿದ್ದ ಡಾಖಾವ್‌ಗೆ ಹೋಗಲು ನಗರದಿಂದ ಸ್ಥಳೀಯ ರೈಲು, ಅಲ್ಲಿಂದ ಬಸ್ಸು ಇದೆ, ಪ್ರಯಾಣ ಸುಲಭ. ಅಲ್ಲಿ ಶಿಬಿರ ತೆರೆಯಲಿದೆಯೆಂಬ ನಾಜಿ ನಾಯಕ ಹಿಮ್ಲರನ ಪ್ರಕಟಣೆ 1933ರ ಮಾರ್ಚ್ 21ರಂದು ಅಚ್ಚಾದದ್ದು ಗೆರ್ಲಿಖ್ ಅವರೇ ಹಿಂದೆ ಪ್ರಧಾನ ಸಂಪಾದಕರಾಗಿದ್ದ ದಿನಪತ್ರಿಕೆಯಲ್ಲಿ. 5,000 ಜನರನ್ನು ಹಿಡಿಸಬಲ್ಲ ಆ ಶಿಬಿರ ಮುಖ್ಯವಾಗಿ ಕಮ್ಯುನಿಸ್ಟರಿಗೆಂದು ಅದರಲ್ಲಿ ಹೇಳಿದ್ದುದರಿಂದ, ಮಿಕ್ಕವರು ನಿರಾತಂಕವಾಗಿ ಮುಂದಿನ ಪುಟಕ್ಕೆ ಹೋಗಿರಬೇಕು. ಮೊದಲ ಕೈದಿಗಳಲ್ಲಿದ್ದ ಕಮ್ಯುನಿಸ್ಟ್ ಸಂಸದ ಹಾನ್ಸ್ ಬೈಮ್ಲರ್ ಅದೇ ಮೇ ತಿಂಗಳಲ್ಲಿ ತಪ್ಪಿಸಿಕೊಂಡು, ಮೂರು ವರ್ಷಗಳ ನಂತರ ಸ್ಪೇನ್‌ನ ಅಂತರ್ಯುದ್ಧದಲ್ಲಿ ಮ್ಯಾಡ್ರಿಡ್ ಬಳಿ ಬಲಪಂಥೀಯ ಸೇನಾನಿ ಫ್ರಾಂಕೋನ ಸೈನ್ಯದ ವಿರುದ್ಧ ಹೋರಾಡುತ್ತ ಸತ್ತ. ಬೈಮ್ಲರ್‌ನ ಪಕ್ಷವನ್ನು ಜೀವನವಿಡೀ ವಿರೋಧಿಸಿದ ಗೆರ್ಲಿಖ್ ಅವರನ್ನು 1934ರ ಜೂನ್ 30ರ ರಾತ್ರಿ ಇದೇ ಡಾಖಾವ್‌ಗೆ ತಂದು ಕೊಲ್ಲಲಾಯಿತು.